ರ‍್ಯಾಂಚ್ ಕ್ರಿಸ್‌ಮಸ್ ಚಿತ್ರಕ್ಕೆ ಒಬ್ಬರು 10, ಇನ್ನೊಬ್ಬರು 2 ಕೊಟ್ಟರೆ ಯಾರನ್ನು ನಂಬುವುದು?

ಪ್ರಶ್ನೆ: ಮಗಳ ಮನೆಗೆಂದು ಡೆನ್ವರ್‌ಗೆ ಬಂದಿದ್ದೇವೆ. ಸಂಜೆ ನಾಲ್ಕೂವರೆಗೇ ಕತ್ತಲಾಗುವುದರಿಂದ ಟಿವಿ ನೋಡುವುದು ಜಾಸ್ತಿಯಾಗಿದೆ. ಮೊನ್ನೆ ನೋಡಿದ ಟಿವಿ ಚಿತ್ರದಲ್ಲಿ ನಗರದ ಹುಡುಗಿ ದನ, ಕುದುರೆ ಸಾಕುವ ದೊಡ್ಡ ಜಮೀನಾದ ಅಜ್ಜನ ರ‍್ಯಾಂಚ್ ಮಾರಲು ಬರುತ್ತಾಳೆ, ಅಲ್ಲಿನ ಕೌಬಾಯ್‌ಗೆ ಮನಸೋಲುತ್ತಾಳೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ಎಲ್ಲವೂ ಸರಿಹೋಗುತ್ತದೆ. ನನಗೆ ಹಿಡಿಸಿತು. ಊರಲ್ಲಿ ದನ ಸಾಕಿದ ನಮ್ಮ ಯಜಮಾನರು ಮಾತ್ರ ‘ಇದರಲ್ಲಿ ಒಂದೂ ನಿಜವಿಲ್ಲ’ ಎಂದು ಎದ್ದುಹೋದರು. ನೋಡಿದವರ ಅಭಿಪ್ರಾಯ ಓದೋಣ ಎಂದರೆ ಒಬ್ಬರು 10 ಕೊಟ್ಟಿದ್ದಾರೆ, ಇನ್ನೊಬ್ಬರು 2. ಹಿಮ ನಕಲಿ ಎಂದು ಒಬ್ಬರಿಗೆ ಕೋಪ, ಕಥೆ ಹಳೆಯದೆಂದು ಮತ್ತೊಬ್ಬರಿಗೆ. ಇಂಥ ಅಭಿಪ್ರಾಯಗಳನ್ನು ಹೇಗೆ ಓದಬೇಕು? ಮುಂದಿನ ಚಿತ್ರ ಆರಿಸುವುದು ಹೇಗೆ?

ಉತ್ತರ: ಅಂಕಿ ನೋಡಿ ಆರಿಸಬೇಡಿ, ಬರೆದ ಮಾತು ನೋಡಿ ಆರಿಸಿ. ಚಿತ್ರಗಳಿಗೆ ನೋಡುಗರು 10ಕ್ಕೆ ಇಷ್ಟು ಎಂದು ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಈ ಬಗೆಯ ಟಿವಿ ಚಿತ್ರಗಳ ಅಂಕ ಸಾಮಾನ್ಯವಾಗಿ 5.5 ಮತ್ತು 7ರ ನಡುವೆಯೇ ಓಡಾಡುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ 6.1 ಬಂದ ಚಿತ್ರಕ್ಕೂ 6.4 ಬಂದ ಚಿತ್ರಕ್ಕೂ ಇರುವ ವ್ಯತ್ಯಾಸ ನಿಮಗೆ ಏನನ್ನೂ ಹೇಳುವುದಿಲ್ಲ. ಬರಹದಲ್ಲಿ ಮಾತ್ರ ತುಂಬ ವಿಷಯ ಇರುತ್ತದೆ, ಏಕೆಂದರೆ ಒಂದೇ ‘ಚೆನ್ನಾಗಿಲ್ಲ’ ಎಂಬ ಮಾತಿನೊಳಗೆ ಬೇರೆಬೇರೆ ದೂರುಗಳು ಅಡಗಿರುತ್ತವೆ. ಕೆಲವು ದೂರು ಚಿತ್ರದ ಜಾತಿಯ ಮೇಲೆ, ಕೆಲವು ಅದಕ್ಕೆ ಸಿಕ್ಕ ದುಡ್ಡು ಮತ್ತು ದಿನಗಳ ಮೇಲೆ, ಇನ್ನು ಕೆಲವು ಮಾತ್ರ ನಿಜವಾಗಿ ಚಿತ್ರ ಮಾಡಿದವರ ಅಸಡ್ಡೆಯ ಮೇಲೆ. ಕೊನೆಯ ಬಗೆಯ ದೂರಿಗೆ ಬೆಲೆ ಕೊಡಿ. ನಿಮ್ಮ ಯಜಮಾನರದು ಆ ಬಗೆಯದು.

ಮೊದಲು ‘ಕಥೆ ಮೊದಲೇ ಗೊತ್ತಾಗುತ್ತದೆ’ ಎನ್ನುವವರ ವಿಷಯ. ಹಾಲ್‌ಮಾರ್ಕ್ ಚಾನೆಲ್ 2009ರಿಂದ ಪ್ರತಿ ವರ್ಷ ‘ಕೌಂಟ್‌ಡೌನ್ ಟು ಕ್ರಿಸ್‌ಮಸ್’ ಹೆಸರಿನಲ್ಲಿ ಇಂಥ ಚಿತ್ರಗಳ ಸರಣಿ ನಡೆಸುತ್ತಿದೆ. ಲೈಫ್‌ಟೈಮ್, ಗ್ರೇಟ್ ಅಮೆರಿಕನ್ ಫ್ಯಾಮಿಲಿ ವಾಹಿನಿಗಳೂ ಇದೇ ದಾರಿಯಲ್ಲಿವೆ. ಅಕ್ಟೋಬರ್ ಕೊನೆಯಿಂದಲೇ ಪ್ರಸಾರ ಶುರು. ಇವುಗಳಿಗೂ ನೋಡುಗರಿಗೂ ಒಂದು ಒಪ್ಪಂದವಿದೆ: ನಾಯಕ ನಾಯಕಿ ಒಂದಾಗುತ್ತಾರೆ, ಮುತ್ತು ಕೊನೆಯಲ್ಲಿ, ಮಧ್ಯದಲ್ಲಿ ಒಂದು ತಪ್ಪಿದ ಮುತ್ತು, ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಹಬ್ಬದ ಕುರುಹು. ಯಕ್ಷಗಾನಕ್ಕೆ ಹೋದವರು ಪ್ರಸಂಗದ ಕೊನೆ ಏನಾಗುತ್ತದೆಂದು ತಿಳಿಯಲು ಹೋಗುವುದಿಲ್ಲ. ಗೊತ್ತಿರುವ ಪ್ರಸಂಗವನ್ನು ಇವತ್ತಿನ ವೇಷಧಾರಿ ಹೇಗೆ ನಡೆಸುತ್ತಾನೆ ಎಂದು ನೋಡಲು ಹೋಗುತ್ತಾರೆ. ಇಲ್ಲಿಯೂ ಅಷ್ಟೆ. ಆದ್ದರಿಂದ ‘ಹತ್ತನೇ ನಿಮಿಷಕ್ಕೇ ಅಂತ್ಯ ಗೊತ್ತಾಯಿತು’ ಎಂದಷ್ಟೇ ಬರೆದು 2 ಕೊಟ್ಟವರ ಅಭಿಪ್ರಾಯವನ್ನು ಪಕ್ಕಕ್ಕಿಡಿ. ಅವರು ಈ ಚಿತ್ರದ ಬಗ್ಗೆ ಮಾತಾಡುತ್ತಿಲ್ಲ. ‘ಹಬ್ಬದ ಚಿತ್ರ, ಬೆಚ್ಚಗಾಯಿತು’ ಎಂದಷ್ಟೇ ಬರೆದು 10 ಕೊಟ್ಟವರದ್ದೂ ಅದೇ ಕಾರಣಕ್ಕೆ ಪಕ್ಕಕ್ಕೆ.

ಇನ್ನೊಂದು ದೂರು: ‘ಹೇಳಿದ್ದನ್ನೇ ಹೇಳುತ್ತಾರೆ.’ ಇದಕ್ಕೆ ಕಾರಣ ಜಾಹೀರಾತು. ಚಿತ್ರ ಎರಡು ಗಂಟೆಯ ಪ್ರಸಾರದ ಅವಧಿಗೆ ತಯಾರಾಗುತ್ತದೆ, ಆದರೆ ಅದರ ಉದ್ದ ಸುಮಾರು 84ರಿಂದ 88 ನಿಮಿಷ. ಉಳಿದದ್ದು ಜಾಹೀರಾತಿಗೆ. ಚಿತ್ರಕಥೆಯನ್ನು ಸಾಮಾನ್ಯವಾಗಿ ಒಂಬತ್ತು ತುಂಡುಗಳಾಗಿ ಬರೆಯುತ್ತಾರೆ. ಮೊದಲ ತುಂಡು ಎಲ್ಲಕ್ಕಿಂತ ಉದ್ದ, ನೋಡುಗ ಬೇರೆ ವಾಹಿನಿಗೆ ಹೋಗದಂತೆ ಹಿಡಿದಿಡಬೇಕಲ್ಲ. ಆಮೇಲಿನ ಒಂದೊಂದು ತುಂಡೂ ಜಾಹೀರಾತಿಗೆ ಮುಂಚೆ ಒಂದು ಪ್ರಶ್ನೆ ಎಬ್ಬಿಸಿ ನಿಲ್ಲುತ್ತದೆ. ಜಾಹೀರಾತು ಮುಗಿದ ಮೇಲೆ ಯಾರಾದರೊಬ್ಬರು ಆ ಪ್ರಶ್ನೆಯನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳುತ್ತಾರೆ. ಅಡುಗೆಮನೆಗೆ ಹೋಗಿ ಬಂದವರಿಗೆ ಅದು ಅನುಕೂಲ. ಅದೇ ಚಿತ್ರವನ್ನು ಜಾಹೀರಾತಿಲ್ಲದೆ ಒಟಿಟಿಯಲ್ಲಿ ಒಂದೇ ಸಮನೆ ನೋಡಿದರೆ ಅದೇ ಮಾತು ಎರಡು ನಿಮಿಷದೊಳಗೆ ಎರಡು ಸಲ ಕೇಳುತ್ತದೆ. ಅಭಿಪ್ರಾಯ ಓದುವಾಗ ಬರೆದವರು ಎಲ್ಲಿ ನೋಡಿದರು ಎಂಬುದನ್ನು ಹುಡುಕಿ. ಮೊದಲ ಪ್ರಸಾರದ ದಿನದ ಬರಹಕ್ಕೂ ಎರಡು ವರ್ಷದ ನಂತರ ಒಟಿಟಿಯಲ್ಲಿ ನೋಡಿದವರ ಬರಹಕ್ಕೂ ಈ ಒಂದು ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಈಗ ಹಿಮ. ರ‍್ಯಾಂಚ್ ಚಿತ್ರಗಳಿಗೆ ಇದು ಊರಿನ ಚಿತ್ರಗಳಿಗಿಂತ ದೊಡ್ಡ ತಲೆನೋವು, ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಇಂಥ ಚಿತ್ರದ ಚಿತ್ರೀಕರಣಕ್ಕೆ ಸಿಗುವುದು ಸುಮಾರು 15 ದಿನ, ಮೂರು ವಾರಗಳ ಕೆಲಸ. ಖರ್ಚು 20 ಲಕ್ಷ ಡಾಲರ್ ಆಸುಪಾಸು ಎಂದು ಉದ್ಯಮದ ವರದಿಗಳು ಹೇಳುತ್ತವೆ. ನವೆಂಬರ್‌ಗೆ ಚಿತ್ರ ಸಿದ್ಧವಿರಬೇಕಾದ್ದರಿಂದ ಬಹುಪಾಲು ಬೇಸಿಗೆಯಲ್ಲಿ, ಇಲ್ಲವೇ ಬೇಸಿಗೆಯ ಆಚೀಚೆ ತೆಗೆಯುತ್ತಾರೆ. ಕಥೆ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನಡೆದರೂ ಕ್ಯಾಮೆರಾ ಇರುವುದು ಬಹಳ ಸಲ ಕೆನಡಾದಲ್ಲಿ. ಹೊರದೇಶದ ನಿರ್ಮಾಪಕರು ಅಲ್ಲಿನ ಕೆಲಸಗಾರರಿಗೆ ಕೊಟ್ಟ ಅರ್ಹ ಸಂಬಳದ 16%ರಷ್ಟನ್ನು ಕೆನಡಾದ ಕೇಂದ್ರ ಸರ್ಕಾರ ತೆರಿಗೆ ರಿಯಾಯಿತಿಯಾಗಿ ಹಿಂದಿರುಗಿಸುತ್ತದೆ. ಬ್ರಿಟಿಷ್ ಕೊಲಂಬಿಯಾದಂಥ ಪ್ರಾಂತ್ಯಗಳು ಅದರ ಮೇಲೆ ತಮ್ಮ ಪಾಲು ಸೇರಿಸುತ್ತವೆ. ಆಲ್ಬರ್ಟಾದ ಕ್ಯಾಲ್ಗರಿ ಸುತ್ತಣ ಬೆಟ್ಟದ ತಪ್ಪಲಿಗೆ ರ‍್ಯಾಂಚ್ ಕಥೆಗಳು ಹೋಗುವುದಕ್ಕೆ ಇನ್ನೊಂದು ಕಾರಣವಿದೆ. 2007ರಲ್ಲಿ ಕೆನಡಾದ ಸಿಬಿಸಿ ವಾಹಿನಿಯಲ್ಲಿ ಶುರುವಾದ ‘ಹಾರ್ಟ್‌ಲ್ಯಾಂಡ್’ ಧಾರಾವಾಹಿ ಹೈ ರಿವರ್, ಮಿಲ್ಲರ್‌ವಿಲ್ ಸುತ್ತಲೇ ಚಿತ್ರೀಕರಣಗೊಂಡದ್ದು. ಕ್ಯಾಮೆರಾಗೆ, ದೀಪಕ್ಕೆ ಬೆದರದ ಕುದುರೆಗಳು ಮತ್ತು ಅವನ್ನು ಪಳಗಿಸುವವರು ಆ ಭಾಗದಲ್ಲಿ ಸಿಗುತ್ತಾರೆ.

ಬೇಸಿಗೆಯಲ್ಲಿ ಹಿಮ ಮಾಡಲು ಹಲವು ಸಾಮಗ್ರಿಗಳಿವೆ, ಒಂದೊಂದಕ್ಕೂ ಒಂದೊಂದು ರೋಗ. ನೆಲಕ್ಕೆ ಹಾಸುವ ಬಿಳಿ ಪಾಲಿಯೆಸ್ಟರ್ ಹಾಸು ಅಗ್ಗ, ಬೇಗ ಹಾಸಬಹುದು. ಆದರೆ ಅದರ ಮೇಲೆ ಹೆಜ್ಜೆ ಮೂಡುವುದಿಲ್ಲ, ಎರಡು ಹಾಸು ಸೇರುವ ಅಂಚು ಕಾಣುತ್ತದೆ. ಯಂತ್ರದಿಂದ ಊದುವ ಸೋಪಿನ ನೊರೆ ಮಾಡಿನ ಅಂಚಿಗೆ, ಗಿಡದ ಕೊಂಬೆಗೆ ಚೆನ್ನಾಗಿ ಕೂರುತ್ತದೆ. ಬಿಸಿಲಿಗೆ ಬೇಗ ಇಳಿದುಹೋಗುತ್ತದೆ, ಅದೇ ದೃಶ್ಯದ ಮುಂದಿನ ಶಾಟ್‌ನಲ್ಲಿ ಅರ್ಧ ಮಾಯ. ಕಾಗದದ ತಿರುಳಿನ ಚೂರು ಬೀಳುವಾಗಲೂ ಬಿದ್ದ ಮೇಲೂ ನಂಬಿಕೆ ಹುಟ್ಟಿಸುತ್ತದೆ, ಒದ್ದೆಯಾದರೆ ಬೂದುಬಣ್ಣದ ಮುದ್ದೆ. ಪುಡಿ ಮಾಡಿದ ಮಂಜುಗಡ್ಡೆ ಎಲ್ಲಕ್ಕಿಂತ ನಿಜ, ಜುಲೈ ಬಿಸಿಲಿನಲ್ಲಿ ಎಲ್ಲಕ್ಕಿಂತ ಬೇಗ ಕರಗುವುದೂ ಅದೇ.

ಊರಿನ ಕಥೆಯಾದರೆ ಒಂದು ಬೀದಿ, ನಾಲ್ಕು ಅಂಗಡಿ ಮುಂಗಟ್ಟು ಮುಚ್ಚಿದರೆ ಆಯಿತು. ರ‍್ಯಾಂಚ್‌ನ ಸೊಗಸೇ ಬಯಲು. ಕಣ್ಣು ಹಾಯುವಷ್ಟು ದೂರದ ಹುಲ್ಲುಗಾವಲನ್ನು ಯಾರೂ ಹಾಸಿನಿಂದ ಮುಚ್ಚಲಾರರು. ದನ, ಕುದುರೆ ನಡೆಯುವ ಕಡೆ ಹಾಸು ಹಾಕುವಂತೆಯೂ ಇಲ್ಲ, ಗೊರಸಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ನಿರ್ದೇಶಕರು ಕ್ಯಾಮೆರಾವನ್ನು ಕೊಟ್ಟಿಗೆಯೊಳಗೆ, ಜಗುಲಿಗೆ, ರಾತ್ರಿಗೆ ಎಳೆಯುತ್ತಾರೆ. ದೂರದ ನೋಟ ಬೇಕಾದಾಗ ಬೇರೆ ಯಾವಾಗಲೋ ಡ್ರೋನ್‌ನಲ್ಲಿ ತೆಗೆದ ನಿಜವಾದ ಹಿಮದ ದೃಶ್ಯ ಸೇರಿಸುತ್ತಾರೆ. ಮೇಲಿಂದ ನೋಡಿದಾಗ ಮೊಣಕಾಲುದ್ದ ಹಿಮ, ಕೆಳಗಿಳಿದರೆ ಹಸಿರು ಹುಲ್ಲು. ‘ಹಿಮ ಬಂತು, ಹೋಯಿತು’ ಎಂದು ಸಿಟ್ಟಾಗುವವರು ನೋಡಿದ್ದು ಈ ಜೋಡಣೆಯನ್ನೇ.

ಬೇಸಿಗೆಯಲ್ಲಿ ತೆಗೆದದ್ದೋ ಅಲ್ಲವೋ ನೀವೇ ಪತ್ತೆ ಮಾಡಬಹುದು. ನೆರಳು ನೋಡಿ. ಮೊಂಟಾನಾದ ತೆಂಕಣ ಭಾಗ ಸುಮಾರು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ 20 ಡಿಗ್ರಿಗಿಂತ ಸ್ವಲ್ಪವೇ ಮೇಲಿರುತ್ತಾನೆ, ಆರಡಿ ಆಳಿನ ನೆರಳು 16 ಅಡಿ ಚಾಚುತ್ತದೆ. ಜುಲೈನಲ್ಲಿ ಅದೇ ಆಳಿನ ಮಧ್ಯಾಹ್ನದ ನೆರಳು ಮೂರಡಿ. ನಾಯಕಿ ಉಣ್ಣೆಯ ಕೋಟು ಹಾಕಿಕೊಂಡು ಕಾಲಬುಡದ ಗಿಡ್ಡ ನೆರಳಿನೊಂದಿಗೆ ನಡೆಯುತ್ತಿದ್ದರೆ ಅದು ಡಿಸೆಂಬರ್ ಅಲ್ಲ. ಬಾಯಿಂದ ಉಸಿರಿನ ಹಬೆ ಬಾರದಿರುವುದು, ಹೊಳೆದಂಡೆಯ ಕಾಟನ್‌ವುಡ್ ಮರಗಳ ಮೇಲೆ ಹಸಿರೆಲೆ ಇರುವುದು ಉಳಿದ ಕುರುಹುಗಳು.

ಆದರೆ ಇದನ್ನೆಲ್ಲ ಚಿತ್ರದ ದೋಷವೆಂದು ಎಣಿಸಬೇಡಿ ಎಂದೇ ನನ್ನ ಸಲಹೆ. ಇದು ದುಡ್ಡು ಮತ್ತು ತಿಂಗಳಿನ ಪ್ರಶ್ನೆ, ಹೆಚ್ಚುಕಡಿಮೆ ಎಲ್ಲ ಚಿತ್ರಗಳಿಗೂ ಸಮಾನ. ಟೆಕ್ಸಾಸ್ ಅಥವಾ ಅರಿಜೋನಾದಲ್ಲಿ ನಡೆಯುವ ಕಥೆಯಲ್ಲಿ ಹಿಮವೇ ಇಲ್ಲ ಎಂದು ದೂರುವವರೂ ಇದ್ದಾರೆ. ಅಲ್ಲಿ ಹಿಮವಿಲ್ಲದ ಕ್ರಿಸ್‌ಮಸ್ಸೇ ನಿಜ, ಅದನ್ನು ಹಾಗೆಯೇ ಬಿಟ್ಟ ನಿರ್ದೇಶಕರಿಗೆ ಹೆಚ್ಚು ಅಂಕ ಕೊಡಬೇಕು.

ಇನ್ನು ನಿಮ್ಮ ಯಜಮಾನರ ಮಾತು. ರ‍್ಯಾಂಚ್ ಚಿತ್ರ ನಿಲ್ಲುವುದೂ ಬೀಳುವುದೂ ಅಲ್ಲಿನ ಕೆಲಸ ತೋರಿಸುವುದರಲ್ಲಿ. ದುಡ್ಡು ಕಡಿಮೆ ಇದ್ದರೂ ಇದನ್ನು ಸರಿಮಾಡಬಹುದು, ಗೊತ್ತಿರುವ ಒಬ್ಬರನ್ನು ಕೇಳಿದರೆ ಸಾಕು. ಕೇಳದೇ ಇದ್ದದ್ದು ತಕ್ಷಣ ಕಾಣುತ್ತದೆ.

ಚಳಿಗಾಲದ ರ‍್ಯಾಂಚ್‌ನಲ್ಲಿ ದಿನದ ಮುಖ್ಯ ಕೆಲಸ ಮೇವು ಹಾಕುವುದು. ಹುಲ್ಲು ಹಿಮದಡಿ ಇರುವ ತಿಂಗಳುಗಳಲ್ಲಿ ಸುಮಾರು 550 ಕಿಲೋ ತೂಗುವ ಒಂದು ಹಸುವಿಗೆ ದಿನಕ್ಕೆ 12-13 ಕಿಲೋ ಒಣಹುಲ್ಲು ಬೇಕು. ಒಂದು ಕುಟುಂಬ ದನದಿಂದಲೇ ಬದುಕಬೇಕಾದರೆ ಕೆಲವು ನೂರು ಹಸು ಇರಬೇಕು. 300 ಎಂದು ಹಿಡಿದರೂ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಟನ್ ಮೇವು, ಅಂದರೆ ದೊಡ್ಡ ಗುಂಡು ಸುರುಳಿಗಳು ಏಳು. ಕ್ರಿಸ್‌ಮಸ್ ದಿನವೂ ಅಷ್ಟೇ. ನೀರಿನ ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಬೆಳಗ್ಗೆ ಕೊಡಲಿಯಿಂದ ಒಡೆಯಬೇಕು, ಇಲ್ಲವೇ ತೊಟ್ಟಿಗೆ ಹೀಟರ್ ಇರಬೇಕು. ಹಸು ನೀರು ಕುಡಿಯದಿದ್ದರೆ ಮೇವನ್ನೂ ಬಿಡುತ್ತದೆ. ಇಷ್ಟರಲ್ಲಿ ಒಂದನ್ನೂ ತೋರಿಸದೆ, ನಾಯಕ ಇಡೀ ದಿನ ಬೇಲಿಗೆ ಒರಗಿ ನಿಂತು ಊರಿನ ಹಬ್ಬಕ್ಕೆ ದೀಪದ ಸರ ಕಟ್ಟುತ್ತಿದ್ದರೆ ದನ ಸಾಕಿದವರು ಎದ್ದುಹೋಗುವುದು ಸಹಜ. ಕೊಟ್ಟಿಗೆಯ ನೆಲದಲ್ಲಿ ಸಗಣಿ ಇಲ್ಲದಿರುವುದನ್ನು ಅವರು ಮೊದಲ ಐದು ನಿಮಿಷದಲ್ಲೇ ಕಂಡಿರುತ್ತಾರೆ.

ನನಗೆ ಬೇಸರವಾಗುವುದು ಇಲ್ಲೇ, ಏಕೆಂದರೆ ಈ ಕೆಲಸದೊಳಗೇ ಪ್ರೇಮಕಥೆಗೆ ಬೇಕಾದ್ದು ಇದೆ. ಮೊಂಟಾನಾದ ಬಿಗ್ ಹೋಲ್ ಕಣಿವೆಯಲ್ಲಿ ದಪ್ಪ ಮೈಯ ಎಳೆಯುವ ಕುದುರೆಗಳ ಜೋಡಿ ಕಟ್ಟಿ, ಜಾರುಬಂಡಿಯಲ್ಲಿ ಒಣಹುಲ್ಲು ಹೇರಿ ದನಕ್ಕೆ ಹಾಕುವ ಪದ್ಧತಿಯನ್ನು ಕೆಲವು ರ‍್ಯಾಂಚ್‌ಗಳು ಉಳಿಸಿಕೊಂಡಿವೆ. ಕೊರೆಯುವ ಚಳಿಯಲ್ಲಿ ಎಂಜಿನ್ ಚಾಲೂ ಆಗದಿರಬಹುದು, ಕುದುರೆ ಹೊರಡುತ್ತದೆ. ಒಬ್ಬರು ಲಗಾಮು ಹಿಡಿಯಬೇಕು, ಇನ್ನೊಬ್ಬರು ಹಿಂದೆ ನಿಂತು ಕವೆಗೋಲಿನಿಂದ ಹುಲ್ಲು ಎಳೆದು ಹಾಕಬೇಕು. ಇಬ್ಬರು ಅಪರಿಚಿತರನ್ನು ಒಂದೇ ಬಂಡಿಯಲ್ಲಿ ಒಂದು ಗಂಟೆ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಚಿತ್ರಗಳು ಮಾತ್ರ ಜಾರುಬಂಡಿಗೆ ಗಂಟೆ ಕಟ್ಟಿ, ಕಂಬಳಿ ಹೊದಿಸಿ, ದೀಪ ನೋಡುವ ಸವಾರಿಗೆ ಬಳಸುತ್ತವೆ.

ಕುದುರೆಗಳ ವಿಷಯದಲ್ಲಿ ಅನುಭವಿಗಳು ಬರೆದ ಅಭಿಪ್ರಾಯಗಳು ತುಂಬ ಉಪಯುಕ್ತ. ಬೇಸಿಗೆಯ ನಡುವಿನಿಂದ ಹಗಲು ಕಿರಿದಾಗುತ್ತ ಬಂದಂತೆ ಕುದುರೆಯ ಮೈ ಚಳಿಗಾಲದ ಕೂದಲು ಬೆಳೆಸಲು ತೊಡಗುತ್ತದೆ. ಡಿಸೆಂಬರ್ ಹೊತ್ತಿಗೆ ಮೈಯೆಲ್ಲ ದಟ್ಟ, ದವಡೆಯ ಕೆಳಗೆ ಗಡ್ಡದಂಥ ಕೂದಲು. ಪರದೆಯ ಮೇಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕುದುರೆ ಕಂಡರೆ ಅದು ಬೇಸಿಗೆಯದು. ಪ್ರದರ್ಶನಕ್ಕೆಂದು ದೀಪ, ಕಂಬಳಿಯಡಿ ಸಾಕಿದ ಕುದುರೆ ಮಾತ್ರ ಇದಕ್ಕೆ ಹೊರತು. ಇದೂ ಹಿಮದ ಹಾಗೆ ತಿಂಗಳಿನ ತಪ್ಪು, ಕ್ಷಮಿಸಬಹುದು. ಕಾಲಿನ ಬಿಳಿ ಪಟ್ಟೆ ಒಂದು ಶಾಟ್‌ನಲ್ಲಿ ಎಡಗಾಲಿಗಿದ್ದು ಮುಂದಿನದರಲ್ಲಿ ಇಲ್ಲವಾದರೆ ಎರಡು ಕುದುರೆಗಳನ್ನು ಒಂದೇ ಪಾತ್ರಕ್ಕೆ ಬಳಸಿದ್ದಾರೆಂದು ಅರ್ಥ. ಅದು ಅಸಡ್ಡೆ. ಜೀನು ಕಟ್ಟುವುದೂ ಹಾಗೆಯೇ. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸುವುದುಂಟು. ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯದಿದ್ದರೆ ಹತ್ತುವಾಗ ಜೀನು ಪಕ್ಕಕ್ಕೆ ಜಾರುತ್ತದೆ. ಹುಟ್ಟಿನಿಂದ ರ‍್ಯಾಂಚ್‌ನಲ್ಲಿ ಬೆಳೆದವನೆಂಬ ನಾಯಕ ಇದನ್ನು ಮಾಡದೆ ನಾಯಕಿಯನ್ನು ಹತ್ತಿಸಿದರೆ ಅವನ ಪಾತ್ರವೇ ಸಡಿಲವಾಗುತ್ತದೆ. ವೆಸ್ಟರ್ನ್ ಸವಾರಿಯಲ್ಲಿ ಪಳಗಿದವರು ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು ಕುತ್ತಿಗೆಗೆ ತಾಗಿಸಿ ತಿರುಗಿಸುತ್ತಾರೆ. ಎರಡು ಕೈಯಲ್ಲೂ ಎಳೆದಾಡುತ್ತ, ಜೀನಿನ ಕೊಂಬು ಹಿಡಿದು ಕುಲುಕುವ ನಾಯಕನಿಗೆ ಕೌಬಾಯ್ ಹ್ಯಾಟ್ ಇದ್ದರೇನು? ಹ್ಯಾಟ್‌ನಲ್ಲೂ ಒಂದು ಪದ್ಧತಿ: ಚಳಿಗಾಲಕ್ಕೆ ಉಣ್ಣೆ ಅಥವಾ ತುಪ್ಪುಳದ ಫೆಲ್ಟ್, ಬೇಸಿಗೆಗೆ ಹುಲ್ಲಿನದು. ಹಿಮದಲ್ಲಿ ಹುಲ್ಲಿನ ಹ್ಯಾಟ್ ಕಂಡರೆ ಉಡುಪು ನೋಡಿಕೊಂಡವರು ಆ ಊರಿಗೆ ಹೋದವರಲ್ಲ.

ಕ್ರಿಸ್‌ಮಸ್ ಹಿಂದಿನ ರಾತ್ರಿ ಕೊಟ್ಟಿಗೆಯಲ್ಲಿ ಕುದುರೆಮರಿ ಹುಟ್ಟುವ ದೃಶ್ಯ ಈ ಚಿತ್ರಗಳಿಗೆ ಬಹಳ ಪ್ರಿಯ. ನೋಡುಗರಲ್ಲಿ ಇದನ್ನು ಮೆಚ್ಚಿ ಅತ್ತವರೂ ಇದ್ದಾರೆ, ಬಿದ್ದುಬಿದ್ದು ನಕ್ಕವರೂ ಇದ್ದಾರೆ. ನಕ್ಕವರ ಕಾರಣ ಹೀಗೆ: ಹೆಣ್ಣು ಕುದುರೆ ಗರ್ಭ ಹೊರುವುದು ಸುಮಾರು 11 ತಿಂಗಳು, ಮರಿ ಹುಟ್ಟುವುದು ಸಾಮಾನ್ಯವಾಗಿ ವರ್ಷದ ಮೊದಲ ಐದಾರು ತಿಂಗಳಲ್ಲಿ. ಅಮೆರಿಕದಲ್ಲಿ ನೋಂದಾಯಿತ ಕ್ವಾರ್ಟರ್ ಹಾರ್ಸ್, ಥರೋಬ್ರೆಡ್ ತಳಿಗಳ ಕುದುರೆಗಳ ವಯಸ್ಸನ್ನು ಹುಟ್ಟಿದ ದಿನ ಯಾವುದಾದರೂ ಜನವರಿ 1ರಿಂದ ಎಣಿಸುತ್ತಾರೆ. ಡಿಸೆಂಬರ್ 24ಕ್ಕೆ ಹುಟ್ಟಿದ ಮರಿ ಎಂಟು ದಿನಕ್ಕೆ ಕಾಗದದ ಮೇಲೆ ಒಂದು ವರ್ಷದ್ದಾಗಿಬಿಡುತ್ತದೆ, ತನಗಿಂತ ಹತ್ತು ತಿಂಗಳು ದೊಡ್ಡವುಗಳ ಜೊತೆ ಸ್ಪರ್ಧಿಸಬೇಕಾಗುತ್ತದೆ. ತಿಳಿದ ಯಾವ ತಳಿಗಾರನೂ ಅದಕ್ಕೆ ಬಿಡುವುದಿಲ್ಲ. ಕರುವಿನ ದೃಶ್ಯವಾದರೆ ಇಷ್ಟು ಅಸಾಧ್ಯವಲ್ಲ. ಉತ್ತರದ ರ‍್ಯಾಂಚ್‌ಗಳಲ್ಲಿ ಹಸುಗಳು ಕರು ಹಾಕುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಕೆಲವರು ಶರತ್ಕಾಲಕ್ಕೂ ಇಟ್ಟುಕೊಳ್ಳುತ್ತಾರೆ. ಲೆಕ್ಕ ತಪ್ಪಿದ ಒಂದು ಕರು ಡಿಸೆಂಬರ್‌ನಲ್ಲಿ ಬರಬಹುದು. ಆಗ ಅದನ್ನು ಒರೆಸಿ, ಒಣಗಿಸಿ, ಗಿಣ್ಣುಹಾಲು ಕುಡಿಸಿ, ಬೇಕಾದರೆ ಪಿಕಪ್‌ನೊಳಗೆ ಹೀಟರ್ ಮುಂದೆ ಮಲಗಿಸಬೇಕು. ಒದ್ದೆ ಕರು ಆ ಚಳಿಯಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಇಷ್ಟು ಅವಸರವನ್ನು ತೋರಿಸಿದ ಚಿತ್ರ ಸಿಕ್ಕರೆ ಅದನ್ನು ಬಿಡಬೇಡಿ.

ಕೊಟ್ಟಿಗೆಯ ನೃತ್ಯದ ದೃಶ್ಯದಲ್ಲಿ ಹುಲ್ಲಿನ ಕಟ್ಟುಗಳ ಮೇಲೆ ಮೇಣದ ಬತ್ತಿ ಹಚ್ಚಿಟ್ಟಿದ್ದರೆ ಅದನ್ನು ಯಾರು ಬೈದರೂ ನಾನು ಅವರ ಪಕ್ಷ. ಒಣಹುಲ್ಲು, ಅದರ ಧೂಳು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಹಳ್ಳಿಯಲ್ಲಿ ಬಣವೆ ನೋಡಿದವರಿಗೆ ಹೇಳಬೇಕಿಲ್ಲ.

‘ಬ್ಯಾಂಕ್ ಸಾಲ, ಕ್ರಿಸ್‌ಮಸ್‌ಗೆ ಗಡುವು, ಇದೆಲ್ಲ ಸುಳ್ಳು’ ಎನ್ನುವವರನ್ನು ಮಾತ್ರ ನಾನು ಒಪ್ಪುವುದಿಲ್ಲ. ಈ ದನದ ವ್ಯವಹಾರದಲ್ಲಿ ವರ್ಷದ ದುಡ್ಡು ಬಹುಪಾಲು ಒಂದೇ ಸಲ ಬರುತ್ತದೆ, ಅಕ್ಟೋಬರ್-ನವೆಂಬರ್‌ನಲ್ಲಿ ತಾಯಿಯಿಂದ ಬಿಡಿಸಿದ ಕರುಗಳನ್ನು ಮಾರಿದಾಗ. ವರ್ಷದ ಖರ್ಚಿಗೆ ತೆಗೆದ ಸಾಲವನ್ನು ಬ್ಯಾಂಕ್‌ಗಳು ವರ್ಷದ ಕೊನೆ, ಇಲ್ಲವೇ ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ನವೀಕರಿಸುತ್ತವೆ. ಕರು ತೂಕ ಬಂದಿಲ್ಲ, ಬೆಲೆ ಬಿದ್ದಿದೆ ಎಂದರೆ ಡಿಸೆಂಬರ್‌ಗೆ ಸರಿಯಾಗಿ ಎದೆ ಹೊಡೆದುಕೊಳ್ಳುತ್ತದೆ. ಸುಳ್ಳಾಗುವುದು ಸಮಸ್ಯೆಯಲ್ಲ, ಪರಿಹಾರ. ಒಂದು ಸಂಜೆಯ ಜಾತ್ರೆ, ಬಿಸ್ಕತ್ತು ಮಾರಾಟ, ಮರದ ಆಟಿಕೆಗಳ ಹರಾಜಿನಿಂದ ಭೂಮಿಯ ಸಾಲ ತೀರುವುದಿಲ್ಲ. ನಿಜದ ದಾರಿಗಳು ಬೇರೆ. ಭೂಮಿಯನ್ನು ಇನ್ನು ಮುಂದೆ ಯಾರೂ ಸೈಟು ಮಾಡದಂತೆ ಅಭಿವೃದ್ಧಿಯ ಹಕ್ಕನ್ನು ಭೂ ಸಂರಕ್ಷಣಾ ಟ್ರಸ್ಟ್‌ಗೆ ಮಾರಿ ದುಡ್ಡು ಪಡೆಯುವುದು ಒಂದು. ಅತಿಥಿಗಳನ್ನು ಉಳಿಸಿಕೊಂಡು ನಡೆಸುವುದು ಇನ್ನೊಂದು. ಇಂಥ ಡ್ಯೂಡ್ ರ‍್ಯಾಂಚ್‌ಗಳು 1880ರ ದಶಕದಿಂದಲೇ ಇವೆ, ಅವುಗಳ ಸಂಘ ಹುಟ್ಟಿದ್ದು 1926ರಲ್ಲಿ. ನಾಯಕಿ ‘ಅತಿಥಿಗೃಹ ಮಾಡೋಣ’ ಎಂದರೆ ಅದು ಚಿತ್ರಕಥೆಗಾರರ ಕಲ್ಪನೆಯಲ್ಲ. ಎಷ್ಟು ಕೋಣೆ, ಯಾರು ಅಡುಗೆ, ವರ್ಷಕ್ಕೆ ಎಷ್ಟು ವಾರ ಎಂಬ ಲೆಕ್ಕ ಒಂದು ದೃಶ್ಯದಲ್ಲಾದರೂ ಬಂದರೆ ನಂಬಬಹುದು.

ಕಪ್ಪು ವರ್ಣದ ಅಥವಾ ಮೆಕ್ಸಿಕನ್ ಮೂಲದ ಕೌಬಾಯ್ ನಾಯಕನಾದಾಗ ‘ಇದು ಅಸಹಜ’ ಎಂದು ಬರೆಯುವವರೂ ಕಾಣಸಿಗುತ್ತಾರೆ. ಅವರಿಗೆ ಇತಿಹಾಸ ಗೊತ್ತಿಲ್ಲ. ಅಮೆರಿಕದ ಕೌಬಾಯ್ ಕಸುಬು, ಜೀನು, ಹಗ್ಗ ಬೀಸುವ ವಿದ್ಯೆ ಎಲ್ಲ ಮೆಕ್ಸಿಕೊದ ವಕೇರೊ ಎಂಬ ದನಗಾಹಿಗಳಿಂದ ಬಂದದ್ದು. 19ನೇ ಶತಮಾನದ ಕೊನೆಯಲ್ಲಿ ದನ ಹೊಡೆದುಕೊಂಡು ಹೋದವರಲ್ಲಿ ನಾಲ್ಕರಲ್ಲೊಬ್ಬರು ಕಪ್ಪು ಜನಾಂಗದವರಿದ್ದಿರಬಹುದೆಂದು ಇತಿಹಾಸಕಾರರು ಅಂದಾಜಿಸುತ್ತಾರೆ.

ಜೋಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಪರದೆಯ ಮೇಲೆ ನೀವೇ ನೋಡಬೇಕು. ಒಂದು ಅಳತೆ ಮಾತ್ರ ಕೊಡುತ್ತೇನೆ. ಕಥೆಯ ಮುಕ್ಕಾಲು ಭಾಗದಲ್ಲಿ ಬರುವ ಜಗಳ ಯಾವುದರಿಂದ ಹುಟ್ಟುತ್ತದೆ ಎಂದು ಅಭಿಪ್ರಾಯಗಳಲ್ಲಿ ಹುಡುಕಿ. ಅರ್ಧ ಕೇಳಿಸಿಕೊಂಡ ಫೋನ್ ಮಾತಿನಿಂದ ಹುಟ್ಟಿದ್ದರೆ, ‘ಎರಡು ನಿಮಿಷ ಮಾತಾಡಿದ್ದರೆ ಮುಗಿಯುತ್ತಿತ್ತು’ ಎಂದು ನಾಲ್ಕು ಜನ ಬರೆದೇ ಇರುತ್ತಾರೆ. ಭೂಮಿ ಮಾರಬೇಕೋ ಬೇಡವೋ ಎಂಬ ನಿಜವಾದ ಭಿನ್ನಾಭಿಪ್ರಾಯದಿಂದ ಹುಟ್ಟಿದ್ದರೆ ಆ ಚಿತ್ರಕ್ಕೆ ಬೆನ್ನೆಲುಬು ಇದೆ.

ಇನ್ನು ಅಂಕಗಳ ಒಳಗುಟ್ಟು. ಐಎಂಡಿಬಿ ತೋರಿಸುವುದು ಎಲ್ಲ ಮತಗಳ ಸರಳ ಸರಾಸರಿಯಲ್ಲ. ಮತಗಳಿಗೆ ತೂಕ ಕೊಟ್ಟು ಲೆಕ್ಕ ಹಾಕುತ್ತಾರೆ, ಆ ಸೂತ್ರವನ್ನು ಪೂರ್ತಿ ಹೊರಗೆ ಬಿಡುವುದಿಲ್ಲ. ರಾಟನ್ ಟೊಮೇಟೋಸ್ ಎಂಬ ಇನ್ನೊಂದು ಜಾಲತಾಣದ ಪ್ರೇಕ್ಷಕರ ಶೇಕಡಾವಾರು ಇನ್ನೂ ಬೇರೆ: 5ರಲ್ಲಿ 3.5 ಅಥವಾ ಹೆಚ್ಚು ನಕ್ಷತ್ರ ಕೊಟ್ಟವರು ನೂರಕ್ಕೆ ಎಷ್ಟು ಎಂಬ ಲೆಕ್ಕ. ಎಲ್ಲರೂ 3.5 ಕೊಟ್ಟರೆ ಅಲ್ಲಿ 100% ಬರುತ್ತದೆ, ಎಲ್ಲರೂ 3 ಕೊಟ್ಟರೆ ಸೊನ್ನೆ. ಆದ್ದರಿಂದ 90% ಎಂದರೆ ಅದ್ಭುತ ಚಿತ್ರ ಎಂದಲ್ಲ, ಹೆಚ್ಚಿನವರಿಗೆ ಪರವಾಗಿಲ್ಲ ಅನ್ನಿಸಿತು ಎಂದಷ್ಟೆ. ಮತ ಹಾಕಿದವರು ನೂರರೊಳಗಿದ್ದರೆ ಎರಡನ್ನೂ ಗಣನೆಗೆ ತೆಗೆದುಕೊಳ್ಳಬೇಡಿ, ಮೊದಲ ವಾರದ 10ಗಳಲ್ಲಿ ತಾರೆಯ ಅಭಿಮಾನಿಗಳದೂ ಚಿತ್ರಕ್ಕೆ ಹತ್ತಿರದವರದೂ ಇರಬಹುದು.

1ಗಳಲ್ಲಿ ಕೆಲವು ಚಿತ್ರದ ಮೇಲಿನ ಕೋಪವೇ ಅಲ್ಲ. ಹಾಲ್‌ಮಾರ್ಕ್ 2020ರಿಂದ ಸಲಿಂಗಿ ಜೋಡಿಗಳ ಕಥೆಗಳನ್ನೂ ತನ್ನ ಕ್ರಿಸ್‌ಮಸ್ ಚಿತ್ರಗಳಿಗೆ ತಂದಿತು. ಅದರ ಮಾಜಿ ಮುಖ್ಯಸ್ಥ ಬಿಲ್ ಅಬಟ್ 2021ರಲ್ಲಿ ಆರಂಭಿಸಿದ ವಾಹಿನಿ ಇಂದಿನ ಗ್ರೇಟ್ ಅಮೆರಿಕನ್ ಫ್ಯಾಮಿಲಿ, ಸಾಂಪ್ರದಾಯಿಕ ಕ್ರಿಸ್‌ಮಸ್ ತನ್ನದು ಎನ್ನುತ್ತದೆ. ಲೈಫ್‌ಟೈಮ್‌ನ 2023ರ ಒಂದು ಕೌಬಾಯ್ ಕ್ರಿಸ್‌ಮಸ್ ಚಿತ್ರ, ಆ ವಾಹಿನಿಯ ಹಬ್ಬದ ಚಿತ್ರಗಳಲ್ಲಿ ಮೊದಲ ಸಲ ಹಾಸಿಗೆ ದೃಶ್ಯ ತೋರಿಸಿತೆಂದು ಸುದ್ದಿಯಾಯಿತು. ನೋಡುಗರು ಈ ವಾಹಿನಿಗಳ ನಡುವೆ ಪಕ್ಷ ಕಟ್ಟಿದ್ದಾರೆ, ಆ ಜಗಳ ಅಂಕದಲ್ಲಿ ಇಳಿಯುತ್ತದೆ. ಮೊಮ್ಮಕ್ಕಳ ಜೊತೆ ನೋಡುವುದಾದರೆ ವಾಹಿನಿಯ ಹೆಸರು ಮತ್ತು ವಯಸ್ಸಿನ ಗುರುತು ನೋಡಿಕೊಳ್ಳಿ: ಟಿವಿ-ಜಿ ಎಂದರೆ ಎಲ್ಲರಿಗೂ, ಟಿವಿ-ಪಿಜಿ ಎಂದರೆ ಚಿಕ್ಕ ಮಕ್ಕಳ ಜೊತೆ ದೊಡ್ಡವರಿರಲಿ ಎಂದು, ಟಿವಿ-14 ಎಂದರೆ ಹದಿನಾಲ್ಕರ ಕೆಳಗಿನವರಿಗೆ ಹೊಂದದಿರಬಹುದು.

ಹಾಗಾದರೆ ಮುಂದಿನದನ್ನು ಆರಿಸುವಾಗ ಹೀಗೆ ಮಾಡಿ. 5, 6, 7 ಕೊಟ್ಟವರ ಬರಹವನ್ನು ಮೊದಲು ಓದಿ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿ ಹೇಳುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ. ಅವರಲ್ಲಿ ‘ಕುದುರೆ ಇದೆ’, ‘ದನ ಇದೆ’, ‘ನಾವೂ ರ‍್ಯಾಂಚ್‌ನವರು’ ಎಂದವರನ್ನು ಹಿಡಿದುಕೊಳ್ಳಿ, ಅವರು ಬರೆದ ಬೇರೆ ಅಭಿಪ್ರಾಯಗಳನ್ನೂ ತೆರೆದು ನೋಡಿ. ಅಂಥವರಲ್ಲಿ ಇಬ್ಬರಿಗೆ ಹಿಡಿಸಿದ ಚಿತ್ರವನ್ನು ನಿಮ್ಮ ಮನೆಯಲ್ಲಿ ಇಬ್ಬರೂ ಕೂತು ನೋಡಬಹುದು. ಚಿತ್ರೀಕರಣದ ಸ್ಥಳ ಐಎಂಡಿಬಿಯ ಪುಟದಲ್ಲೇ ಇರುತ್ತದೆ. ಆಲ್ಬರ್ಟಾ, ಮೊಂಟಾನಾ, ಯೂಟಾ ಎಂದಿದ್ದರೆ ಕನಿಷ್ಠ ಬೆಟ್ಟ, ಬಯಲಿನ ನೋಟಕ್ಕೆ ಮೋಸವಿರುವುದಿಲ್ಲ. ಕೊನೆಗೆ ಟ್ರೇಲರ್ ಹಾಕಿ, ಶಬ್ದ ನಿಲ್ಲಿಸಿ ನೋಡಿ. ಆ ಒಂದೂವರೆ ನಿಮಿಷದಲ್ಲಿ ನಾಯಕ ನಾಯಕಿಯ ಕೈಗಳು ಏನು ಮಾಡುತ್ತಿವೆ ಎಂದು ಗಮನಿಸಿ. ಬಿಸಿ ಚಾಕೊಲೇಟ್ ಲೋಟ ಮತ್ತು ದೀಪದ ಸರ ಬಿಟ್ಟು ಬೇರೇನನ್ನೂ ಹಿಡಿಯದಿದ್ದರೆ ಅದು ರ‍್ಯಾಂಚ್ ಹಿನ್ನೆಲೆಯಲ್ಲಿ ನಿಲ್ಲಿಸಿದ ಊರಿನ ಕಥೆ. ಹಗ್ಗ, ಕವೆಗೋಲು, ಜೀನು, ಹಾಲಿನ ಬಾಟಲಿ ಇವುಗಳಲ್ಲಿ ಎರಡಾದರೂ ಅವರ ಕೈಗೆ ಬಂದಿದ್ದರೆ ಹಿಮ ಹೇಗಾದರೂ ಇರಲಿ, ನೋಡಿ.